ರೋಟಾವೇಟರ್ ಗೇರ್‌ಬಾಕ್ಸ್ ಬಿಚ್ಚುವ ಮುನ್ನ

ಮುಂಗಾರಿ ಹೆಸರು ಕಿತ್ತ ಹೊಲಕ್ಕೆ ಹಿಂಗಾರಿ ಕಡಲೆ ಬೀಳಬೇಕು. ನಡುವೆ ಸಿಗುವುದು ಕೆಲವೇ ವಾರ. ಅದರಲ್ಲೂ ಎರಿ ಭೂಮಿ ಹದವಾಗಿ ಸಿಗುವುದು ಎಣಿಸಿದಷ್ಟೇ ದಿನ. ಊರಿನ ಟ್ರ್ಯಾಕ್ಟರುಗಳೆಲ್ಲ ಹೊಲದಲ್ಲಿರುವ ಆ ಹೊತ್ತಿಗೇ ಹಳೆಯ ರೋಟಾವೇಟರಿನ ಗೇರ್‌ಬಾಕ್ಸು ಕೂಗತೊಡಗುತ್ತದೆ, ಇಲ್ಲವೇ ಬುಡದಲ್ಲಿ ಎಣ್ಣೆ ಜಿನುಗತೊಡಗುತ್ತದೆ. "ಎಣ್ಣಿ ಸೋರಾಕತ್ತೈತ್ರಿ ಮಿಸ್ತ್ರಿ, ಲಗೂನ ಒಂದ್ ಸೀಲ್ ಹಾಕಿ ಕೊಡ್ರಿ" ಎಂದು ಹಾಕಿಸಿಕೊಂಡು ಹೋದ ಯಂತ್ರ ಅದೇ ಹಂಗಾಮಿನಲ್ಲಿ ಮತ್ತೆ ಗ್ಯಾರೇಜಿನ ಮುಂದೆ ನಿಲ್ಲುವುದು ಗದಗ, ಲಕ್ಷ್ಮೇಶ್ವರ, ಮುಂಡರಗಿ ಸುತ್ತಲ ಊರುಗಳಲ್ಲಿ ಹೊಸದೇನಲ್ಲ. ಬೈಗುಳ ಬೀಳುವುದು ಸೀಲು ಕೊಟ್ಟ ಅಂಗಡಿಯವನಿಗೆ. ಹೆಚ್ಚಿನ ಸಲ ತಪ್ಪು ಅವನದಲ್ಲ, ಸೀಲಿನದೂ ಅಲ್ಲ.

ಗೇರ್‌ಬಾಕ್ಸು ತಾನಾಗಿ ಕೆಡುವುದು ಅಪರೂಪ. ಹೊರಗಿನ ಯಾವುದೋ ಒಂದು ಅದನ್ನು ಕೆಡಿಸಿರುತ್ತದೆ. ಆ ಕಾರಣ ಹಿಡಿಯದೆ ಒಳಗಿನ ಸಾಮಾನು ಎಷ್ಟು ಬದಲಿಸಿದರೂ ಖರ್ಚು ನಿಲ್ಲುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಪಾನಾ ಹಿಡಿಯುವ ಮಾತು ಸ್ವಲ್ಪ ತಡವಾಗಿ ಬರುತ್ತದೆ.

ಒಳಗೆ ನಡೆಯುವುದೇನು?

ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೋವರ್ಡ್ 1912ರಲ್ಲಿ ಪ್ರಯೋಗ ಆರಂಭಿಸಿ, 1920ರಲ್ಲಿ ಎಲ್ ಆಕಾರದ ಬ್ಲೇಡುಗಳಿಗೆ ಪೇಟೆಂಟ್ ಪಡೆದ ಯಂತ್ರ ಇದು. ನೂರು ವರ್ಷದಲ್ಲಿ ಅದರ ಮೂಲ ಏರ್ಪಾಟು ಹೆಚ್ಚೇನೂ ಬದಲಾಗಿಲ್ಲ. ಟ್ರ್ಯಾಕ್ಟರಿನ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ನಡುವಿನ ಗೇರ್‌ಬಾಕ್ಸಿನಲ್ಲಿರುವ ಕ್ರೌನ್ ಮತ್ತು ಪಿನಿಯನ್ ಆ ತಿರುಗಾಟವನ್ನು ಅಡ್ಡಕ್ಕೆ ಹೊರಳಿಸುತ್ತವೆ. ಅಲ್ಲಿಂದ ಅಡ್ಡ ಶಾಫ್ಟು ಪಕ್ಕದ ಗೇರ್ ಕೇಸಿಗೆ ಹೋಗುತ್ತದೆ, ಅಲ್ಲಿಯ ಮೂರು ಗೇರುಗಳೋ ಚೈನೋ ಬ್ಲೇಡಿನ ರೋಟರನ್ನು ತಿರುಗಿಸುತ್ತವೆ. ರೋಟರಿಗೆ ಮುಟ್ಟುವ ಹೊತ್ತಿಗೆ ವೇಗ ಸುಮಾರು 200 ಸುತ್ತಿಗೆ ಇಳಿದಿರುತ್ತದೆ.

ವೇಗ ಇಳಿದಷ್ಟೂ ತಿರುಚುವ ಬಲ ಏರುತ್ತದೆ. ಪಿಟಿಒದಲ್ಲಿ 38 ಎಚ್‌ಪಿ ಸಿಗುವ ಟ್ರ್ಯಾಕ್ಟರು ಪೂರ್ತಿ ದುಡಿಯುವಾಗ ಪಿನಿಯನ್ ಶಾಫ್ಟಿನ ಮೇಲೆ ಬೀಳುವ ಬಲ, ಒಂದು ಮೀಟರ್ ಉದ್ದದ ಹಾರೆಯ ತುದಿಗೆ 50 ಕಿಲೋ ಚೀಲ ತೂಗುಹಾಕಿದಷ್ಟು. ರೋಟರಿನ ಹತ್ತಿರ ಅದು 130 ಕಿಲೋ ದಾಟುತ್ತದೆ. ಮೇಲಿನ ಗೇರುಗಳಿಗೆ ವೇಗ ಹೆಚ್ಚು, ಅವುಗಳ ಶತ್ರು ಬಿಸಿ. ಕೆಳಗಿನವಕ್ಕೆ ಭಾರ ಹೆಚ್ಚು, ಜೊತೆಗೆ ಮಣ್ಣು, ನೀರು, ದಾರ. ಎಲ್ಲಿ ಕೆಟ್ಟಿದೆ ಎಂಬುದು ಗೊತ್ತಾದರೆ ಯಾಕೆ ಕೆಟ್ಟಿತು ಎಂಬುದರ ಅರ್ಧ ಉತ್ತರ ಸಿಕ್ಕಂತೆ.

ಮೊದಲು ಕಿವಿ, ಆಮೇಲೆ ಎಣ್ಣೆ

ಯಂತ್ರವನ್ನು ನೆಲದಿಂದ ತುಸು ಮೇಲೆತ್ತಿ, ಎಂಜಿನ್ ವೇಗ ತಗ್ಗಿಸಿ, ಪಿಟಿಒ ಹಾಕಿ ದೂರ ನಿಂತು ಕೇಳಿ. ವೇಗ ತಗ್ಗಿಸುವುದು ಯಾಕೆಂದರೆ ಆಗ ಸದ್ದನ್ನು ಎಣಿಸಬಹುದು. ಪಿಟಿಒ ನಿಮಿಷಕ್ಕೆ 180 ಸುತ್ತಿನಷ್ಟು ನಿಧಾನವಾಗಿದ್ದರೆ ಪಿನಿಯನ್ ಸೆಕೆಂಡಿಗೆ ಮೂರು ಸಲ ತಿರುಗುತ್ತದೆ, ರೋಟರು ಹೆಚ್ಚುಕಡಿಮೆ ಒಂದು ಸಲ. ಸೆಕೆಂಡಿಗೊಮ್ಮೆ "ಟಕ್" ಎಂದರೆ ರೋಟರು ಅಥವಾ ಸೈಡ್ ಕೇಸಿನ ಕೆಳಗಿನ ಗೇರಿನ ಹಲ್ಲು ಅನುಮಾನಿಸಿ. ಮೂರು ಸಲ ಬಡಿದರೆ ಪಿನಿಯನ್ ಕಡೆ ನೋಡಿ. ಬಡಿತವಿಲ್ಲದೆ ವೇಗದ ಜೊತೆ ಏರುವ ಕೂಗು ಇದ್ದರೆ ಕ್ರೌನ್ ಪಿನಿಯನ್ ಕೂಡುವ ಜಾಗ ಸರಿದಿದೆ. ಗರಗರ ಎನ್ನುವ ಒರಟು ಸದ್ದು ಬೇರಿಂಗಿನದು.

ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಪಿಟಿಒ ಶಾಫ್ಟು ಕಳಚಿ, ಗೇರ್‌ಬಾಕ್ಸಿನ ಮುಂದಿನ ತುದಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಅಲುಗಿಸಿ. ಹಿಂದೆಮುಂದೆ ತುಸು ತಿರುಗುವುದು ಸಹಜ. ಮೇಲೆ ಕೆಳಗೆ ಅಲುಗಿದರೆ ಬೇರಿಂಗು ಹೋಗಿದೆ, ಅಥವಾ ನಟ್ಟು ಸಡಿಲಾಗಿದೆ. ಬೇರಿಂಗು ಅಲುಗುವ ಯಂತ್ರಕ್ಕೆ ಹೊಸ ಸೀಲು ಹಾಕುವುದು ವ್ಯರ್ಥ. ಸೀಲಿನ ತುಟಿ ತೆಳುವಾದ ರಬ್ಬರು, ಶಾಫ್ಟು ಅತ್ತಿತ್ತ ಆಡಿದರೆ ಅದು ಬೆನ್ನಟ್ಟಿ ಹಿಡಿಯಲಾರದು.

ಇನ್ನು ಎಣ್ಣೆ. ತುಸು ಬೆಚ್ಚಗಿರುವಾಗಲೇ ಡ್ರೇನ್ ಬೋಲ್ಟು ತೆಗೆದು ಸ್ವಚ್ಛ ಬುಟ್ಟಿಗೆ ಇಳಿಸಿ, ಬಿಳಿ ಬಟ್ಟೆಯ ಮೇಲೆ ನಾಲ್ಕು ಹನಿ ಹರಡಿ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಬೂದಿಯಂಥ ನುಣುಪು ಪುಡಿ ಸಹಜ ಸವೆತ. ಮಿಂಚುವ ಚಕ್ಕೆಗಳಿದ್ದರೆ ಹಲ್ಲಿನ ಮುಖ ಸುಲಿಯುತ್ತಿದೆ. ಕೈಗೆ ಸಿಗುವ ಚೂರು ಇದ್ದರೆ ಬಾಕ್ಸು ಬಿಚ್ಚದೆ ಗತಿಯಿಲ್ಲ.

ಹೊರಗಿನ ನಾಲ್ಕು ಕಾರಣಗಳು

ಇವನ್ನು ನೋಡದೆ ಬಾಕ್ಸು ಬಿಚ್ಚಬೇಡಿ. ಎಷ್ಟೋ ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ.

1. ಬ್ರೀದರ್ ಮುಚ್ಚಿರುವುದು. ಗೇರ್‌ಬಾಕ್ಸಿನ ತಲೆಯ ಮೇಲೆ ಸಣ್ಣ ತೂತಿನ ಬೋಲ್ಟು ಇರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಹೋಗುವ ದಾರಿ ಅದೊಂದೇ. ಮಣ್ಣು, ಎಣ್ಣೆ ಸೇರಿ ಅದು ಕಟ್ಟಿಕೊಂಡರೆ ಒತ್ತಡವೆಲ್ಲ ಸೀಲಿನ ಮೇಲೆ ಬಿದ್ದು ಎಣ್ಣೆ ಹೊರಗೆ ತಳ್ಳುತ್ತದೆ. ರಾತ್ರಿ ತಣ್ಣಗಾಗುವಾಗ ಅದೇ ಸೀಲಿನ ಸಂದಿಯಿಂದ ತೇವ ಒಳಕ್ಕೆ ಎಳೆಯುತ್ತದೆ. ಡೀಸೆಲ್‌ನಲ್ಲಿ ತೊಳೆದು ಊದಿದರೆ ಸಾಕು, ಐದು ನಿಮಿಷದ ಕೆಲಸ. ಸೀಲು ಮತ್ತೆ ಮತ್ತೆ ಹೋಗುವ ಯಂತ್ರಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

2. ಪಿಟಿಒ ಶಾಫ್ಟಿನ ಉದ್ದ. ಹಳೆಯ ರೋಟಾವೇಟರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತದೆ, ಟ್ರ್ಯಾಕ್ಟರೂ ಬದಲಾಗುತ್ತದೆ, ಆದರೆ ಶಾಫ್ಟು ಹಳೆಯದೇ ಇರುತ್ತದೆ. ಅದು ಉದ್ದವಾಗಿದ್ದರೆ ಯಂತ್ರ ಎತ್ತುವಾಗ ಒಳಕೊಳವೆ ಹೊರಕೊಳವೆಯ ತಳಕ್ಕೆ ಗುದ್ದಿ, ಪಿನಿಯನ್ ಬೇರಿಂಗನ್ನು ನೇರವಾಗಿ ಒತ್ತುತ್ತದೆ. ಎರಡು ಕೊಳವೆ ಅತಿ ಹತ್ತಿರ ಬರುವ ಸ್ಥಿತಿಯಲ್ಲೂ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಅತಿ ದೂರ ಹೋದಾಗಲೂ ಮೂರನೇ ಒಂದು ಭಾಗ ಒಂದರೊಳಗೊಂದು ಇರಬೇಕು. ಎರಡು ತುದಿಯ ಯೋಕುಗಳ ಕಿವಿ ಒಂದೇ ನೇರಕ್ಕೆ ಬಂದಿವೆಯೇ ಎಂದೂ ನೋಡಿ. ಅಡ್ಡಾದಿಡ್ಡಿ ಜೋಡಿಸಿದ್ದರೆ ಪ್ರತಿ ಸುತ್ತಿಗೂ ಬಾಕ್ಸಿಗೆ ಜಗ್ಗಾಟ.

3. ಶಿಯರ್ ಬೋಲ್ಟಿನ ಜಾಗದಲ್ಲಿ ಗಟ್ಟಿ ಬೋಲ್ಟು. ಕಲ್ಲಿಗೆ ಬ್ಲೇಡು ಬಡಿದಾಗ ತಾನು ಮುರಿದು ಗೇರು ಉಳಿಸಲೆಂದೇ ಆ ಬೋಲ್ಟನ್ನು ಮೆದುವಾಗಿ ಮಾಡಿರುತ್ತಾರೆ. ಶಿರಹಟ್ಟಿ, ಮುಂಡರಗಿ ಕಡೆಯ ಕಲ್ಲು ಬೆರೆತ ಮಸಾರಿ ಹೊಲಗಳಲ್ಲಿ ಅದು ಪದೇ ಪದೇ ಮುರಿಯುತ್ತದೆಂದು ಬೇಸತ್ತು ಹೈ ಟೆನ್ಸೈಲ್ ಬೋಲ್ಟು ಹಾಕುವವರು, ವೆಲ್ಡ್ ಮಾಡಿಸಿಬಿಡುವವರೂ ಇದ್ದಾರೆ. ಆಮೇಲೆ ಮುರಿಯುವುದು ಪಿನಿಯನ್ ಹಲ್ಲು.

4. ರೋಟರಿಗೆ ಸುತ್ತಿದ ದಾರ. ಹಂದಿ ಕಾಟಕ್ಕೆ ಬದುವಿಗೆ ಕಟ್ಟಿದ ಹಳೆಯ ಸೀರೆ, ಡ್ರಿಪ್ ಪೈಪಿನ ತುಂಡು, ಮಲ್ಚಿಂಗ್ ಹಾಳೆ, ಗೊಬ್ಬರ ಚೀಲದ ಎಳೆ, ಹತ್ತಿಯ ನಾರು ಎಲ್ಲ ಸುತ್ತಿಕೊಂಡು ರೋಟರಿನ ಎರಡು ತುದಿಯಲ್ಲಿ ಸೀಲಿನ ಮೇಲೆ ಕಟ್ಟಿಕೊಳ್ಳುತ್ತವೆ. ಬಿಗಿಯಾದ ನೈಲಾನ್ ಎಳೆ ಸೀಲನ್ನಷ್ಟೇ ಅಲ್ಲ, ಕಬ್ಬಿಣವನ್ನೂ ಕೊರೆಯುತ್ತದೆ. ಸಂಜೆ ಯಂತ್ರ ನಿಲ್ಲಿಸಿದ ಮೇಲೆ ಕುಡಗೋಲಿನಿಂದ ಇದನ್ನು ಕೊಯ್ದು ತೆಗೆಯುವ ಅಭ್ಯಾಸ ಇರುವ ಚಾಲಕ ಸಿಕ್ಕರೆ ಅವನಿಗೆ ಪಗಾರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬೇಕಾದ ಸಾಮಾನು

ಪಾನಾ ಸೆಟ್ಟು, ಸರ್ಕ್ಲಿಪ್ ಇಕ್ಕಳ, ಹಿತ್ತಾಳೆ ಇಲ್ಲವೇ ತಾಮ್ರದ ಸುತ್ತಿಗೆ, ವರ್ನಿಯರ್, ಮೂರು ಕಾಲಿನ ಬೇರಿಂಗ್ ಪುಲ್ಲರ್. ಕೊನೆಯದು ಒಬ್ಬ ರೈತನಿಗೆ ಎರಡು ಮೂರು ವರ್ಷಕ್ಕೊಮ್ಮೆ ಬೇಕಾಗುವ ವಸ್ತು. ಅದಿಲ್ಲದೆ ಬೇರಿಂಗನ್ನು ಚಾಣದಿಂದ ಹೊಡೆದು ತೆಗೆಯುವುದರಿಂದಲೇ ಅರ್ಧ ಶಾಫ್ಟುಗಳು ಹಾಳಾಗುತ್ತವೆ. ಇಂಥದ್ದನ್ನು ನಾಲ್ಕಾರು ಜನ ಕೂಡಿ ಕೊಳ್ಳುವುದು ಲೇಸು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು ಕಣಗಿನಹಾಳ. ಸಾಲಕ್ಕೆ ಕೂಡಿದವರು ಒಂದು ಪುಲ್ಲರಿಗೆ ಕೂಡಲಾರರೇ?

ಬಿಚ್ಚುವ ಕ್ರಮ

1. ಯಂತ್ರವನ್ನು ಟ್ರ್ಯಾಕ್ಟರಿನಿಂದ ಕಳಚಿ ಸಮತಟ್ಟು ಜಾಗದಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿ. ಹೊರಮೈಯನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆಯಿರಿ. ಮಣ್ಣು ಒಳಗೆ ಬಿದ್ದರೆ ಹೊಸ ಬೇರಿಂಗಿಗೆ ಅದೇ ಕಂಟಕ.

2. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮಲ್ಟಿ ಸ್ಪೀಡ್ ಬಾಕ್ಸಾದರೆ ಹಿಂಬದಿ ಮುಚ್ಚಳದೊಳಗಿನ ಎರಡು ಗೇರುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದಕ್ಕೂ ಫೋಟೊ ಇರಲಿ. ಅವು ಅದಲುಬದಲಾದರೆ ರೋಟರಿನ ವೇಗವೇ ಬದಲಾಗುತ್ತದೆ.

3. ಮುಚ್ಚಳ, ಬೇರಿಂಗ್ ಮನೆ ಮತ್ತು ಬಾಕ್ಸಿಗೆ ಸೇರಿ ಒಂದು ಪಂಚ್ ಗುರುತು ಹೊಡೆಯಿರಿ. ಕೂಡಿಸುವಾಗ ಗುರುತಿಗೆ ಗುರುತು ಸೇರಬೇಕು.

4. ಶಿಮ್‌ಗಳು, ಅಂದರೆ ಕಾಗದದಷ್ಟು ತೆಳ್ಳಗಿನ ಆ ತಗಡಿನ ಬಳೆಗಳು, ಯಾವ ಬದಿಯಿಂದ ಬಂದವೋ ಆ ಬದಿಯ ಚೀಟಿ ಕಟ್ಟಿ ತಂತಿಗೆ ಪೋಣಿಸಿಡಿ. ಈ ಇಡೀ ಕೆಲಸದಲ್ಲಿ ಕಳೆಯಬಾರದ ಸಾಮಾನು ಇದೊಂದೇ.

5. ಬೇರಿಂಗು, ಸೀಲುಗಳ ಮೇಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸೀಲಿನ ಮೇಲೆ ಮೂರು ಅಂಕಿ ಇರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಗದಗಿನ ಅಂಗಡಿಯಲ್ಲಿ ನಿಮ್ಮ ಕಂಪನಿಯ ಸಾಮಾನು ಸಿಗದಿದ್ದರೂ ಆ ಸಂಖ್ಯೆಯ ಬೇರಿಂಗು ಸಿಗುತ್ತದೆ.

6. ಎಲ್ಲವನ್ನೂ ತೊಳೆದು ಬಿಸಿಲಿಗೆ ಹಿಡಿದು ನೋಡಿ. ಹಲ್ಲಿನ ಮುಖದಲ್ಲಿ ಸೂಜಿ ಚುಚ್ಚಿದಂಥ ಒಂದೆರಡು ಕುಳಿಗಳಿದ್ದರೆ ಇನ್ನೂ ದುಡಿಯುತ್ತದೆ. ಮುಖ ಸುಲಿದಿದ್ದರೆ, ಬುಡದಲ್ಲಿ ಬಿರುಕಿದ್ದರೆ ಬದಲಿಸಿ. ಬೇರಿಂಗಿನ ಹೊರಬಳೆ ಬಾಕ್ಸಿನ ಮನೆಯಲ್ಲಿ ತಾನೇ ಸುತ್ತುತ್ತಿದ್ದ ಗುರುತು ಕಂಡರೆ ಮನೆ ಸಡಿಲಾಗಿದೆ. ಮನೆಯೂ ಸಡಿಲು, ಕ್ರೌನ್ ಪಿನಿಯನ್ನೂ ಸವೆದಿದೆ ಎಂದಾದರೆ ಬಿಡಿಭಾಗಕ್ಕೆ ಹಣ ಸುರಿಯುವುದಕ್ಕಿಂತ ಇಡೀ ಗೇರ್‌ಬಾಕ್ಸ್ ಕೊಳ್ಳುವುದೇ ಜಾಣತನ.

ಕೂಡಿಸುವಾಗ: ಶಿಮ್ ಎಂಬ ಸೂಕ್ಷ್ಮ

ಬಿಚ್ಚಲು ಯಾರಿಗೂ ಬರುತ್ತದೆ. ಮಿಸ್ತ್ರಿಯ ಕೈಗುಣ ಗೊತ್ತಾಗುವುದು ಇಲ್ಲಿ.

ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ತುಸು ಸಡಿಲ ಬೇಕು. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಎಣ್ಣೆಯ ಪದರ ನಿಲ್ಲಲೂ ಜಾಗ ಬೇಕು. ಮಿಸ್ತ್ರಿಗಳು ಇದನ್ನು ಪ್ಲೇ ಎನ್ನುತ್ತಾರೆ. ಯಂತ್ರದ ಪುಸ್ತಕದಲ್ಲಿ ಬೇರೆ ಅಳತೆ ಇಲ್ಲದಿದ್ದರೆ 0.15ರಿಂದ 0.30 ಮಿ.ಮೀ. ಹೊಂದುತ್ತದೆ. ಇಷ್ಟು ಸಣ್ಣ ಅಳತೆಯನ್ನು ಹಳ್ಳಿಯಲ್ಲಿ ನೋಡುವುದು ಹೇಗೆ? ರೇಡಿಯೊ ರಿಪೇರಿಯವರ ಮೆತ್ತನೆಯ ಸೋಲ್ಡರ್ ತಂತಿಯನ್ನು ಒಂದು ಹಲ್ಲಿನ ಮೇಲೆ ಬಗ್ಗಿಸಿ ಕೂರಿಸಿ ಗೇರು ತಿರುಗಿಸಿ. ಹಲ್ಲಿನ ಎರಡು ಬದಿಯಲ್ಲೂ ತಂತಿ ಒತ್ತಿ ತೆಳ್ಳಗಾಗುತ್ತದೆ. ಆ ಎರಡು ದಪ್ಪಗಳನ್ನು ವರ್ನಿಯರಿನಲ್ಲಿ ಅಳೆದು ಕೂಡಿಸಿದರೆ ಬರುವುದೇ ಪ್ಲೇ.

ಪ್ಲೇ ಸರಿ ಇದ್ದರಷ್ಟೇ ಸಾಲದು, ಹಲ್ಲು ಹಲ್ಲನ್ನು ಮುಟ್ಟುವ ಜಾಗವೂ ಸರಿಯಿರಬೇಕು. ಕ್ರೌನಿನ ನಾಲ್ಕೈದು ಹಲ್ಲಿಗೆ ಪ್ರಶ್ಯನ್ ಬ್ಲೂ ತೆಳ್ಳಗೆ ಸವರಿ ಎರಡೂ ದಿಕ್ಕಿಗೆ ತಿರುಗಿಸಿ. ಗುರುತು ಹಲ್ಲಿನ ನಡುವೆ, ಒಳಗಿನ ಕಿರಿ ತುದಿಯ ಕಡೆಗೆ ತುಸು ಸರಿದು ಬಿದ್ದರೆ ಒಳ್ಳೆಯದು. ಭಾರ ಬಿದ್ದಾಗ ಅದು ಹಿರಿ ತುದಿಯ ಕಡೆ ಜರುಗುತ್ತದೆ. ಹಲ್ಲಿನ ನೆತ್ತಿಯಲ್ಲಿ ಗುರುತು ಬಿದ್ದರೆ ಪಿನಿಯನ್ ದೂರ ಉಳಿದಿದೆ, ಒಳಕ್ಕೆ ತನ್ನಿ. ಬುಡದಲ್ಲಿ ಬಿದ್ದರೆ ಅತಿ ಒಳಗೆ ಹೋಗಿದೆ, ಹೊರಕ್ಕೆ ತನ್ನಿ.

ಕ್ರೌನನ್ನು ಸರಿಸುವಾಗ ಒಂದು ಬದಿಯಿಂದ ತೆಗೆದ ಶಿಮ್ಮನ್ನು ಇನ್ನೊಂದು ಬದಿಗೆ ಹಾಕಬೇಕು, ಎಸೆಯಬಾರದು. ಎರಡು ಬದಿಯ ಒಟ್ಟು ದಪ್ಪವೇ ಟೇಪರ್ ಬೇರಿಂಗುಗಳ ಬಿಗಿಯನ್ನು ನಿರ್ಧರಿಸುತ್ತದೆ. ಒಟ್ಟು ಬದಲಾಗದಿದ್ದರೆ ಬಿಗಿ ಕೆಡದೆ ಕ್ರೌನ್ ಮಾತ್ರ ಸರಿಯುತ್ತದೆ. ಬಿಗಿ ಪರೀಕ್ಷಿಸಲು ಸೀಲು ಹಾಕುವ ಮೊದಲೇ ಶಾಫ್ಟನ್ನು ಕೈಯಿಂದ ತಿರುಗಿಸಿ. ಒಳಗೆ ಹೊರಗೆ ಆಡಬಾರದು, ತಡೆತಡೆದು ತಿರುಗಲೂಬಾರದು. ತುಸು ಭಾರವಾಗಿ, ನುಣ್ಣಗೆ ಸುತ್ತಬೇಕು.

ಹೊಸ ಬೇರಿಂಗಿನ ಒಳಬಳೆಯನ್ನು ಎಣ್ಣೆಯಲ್ಲಿಟ್ಟು ಸುಮಾರು 100 ಡಿಗ್ರಿಗೆ ಕಾಯಿಸಿದರೆ ಶಾಫ್ಟಿನ ಮೇಲೆ ತಾನಾಗಿ ಜಾರುತ್ತದೆ. ಗ್ಯಾಸ್ ಬೆಂಕಿ ನೇರವಾಗಿ ತೋರಿಸಬೇಡಿ, ಉಕ್ಕಿನ ಹದ ಹೋಗುತ್ತದೆ. ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಲಿ. ತುಟಿಗೆ ಗ್ರೀಸು ಸವರಿ, ಶಾಫ್ಟಿನ ಹಲ್ಲುಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲಿಂದ ಜಾರಿಸಿ. ಹಳೆಯ ಸೀಲು ಶಾಫ್ಟಿನಲ್ಲಿ ಗೀರು ಕೊರೆದಿದ್ದರೆ, ಜಾಗವಿದ್ದಲ್ಲಿ ಹೊಸದನ್ನು ಎರಡು ಮಿ.ಮೀ. ಹಿಂದೆಯೋ ಮುಂದೆಯೋ ಕೂರಿಸಿ. ತುಟಿ ಹೊಸ ನುಣುಪು ಜಾಗ ಹಿಡಿಯುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪ್ಯಾಕಿಂಗ್ ಹರಿಯಿತೆಂದು ದಪ್ಪ ರಟ್ಟು ಕತ್ತರಿಸಿ ಹಾಕುವುದು, ಇಲ್ಲವೇ ಬರೀ ಸಿಲಿಕಾನ್ ಬಳಿದುಬಿಡುವುದು. ಎಷ್ಟೋ ಬಾಕ್ಸುಗಳಲ್ಲಿ ಪ್ಯಾಕಿಂಗಿನ ದಪ್ಪವೂ ಶಿಮ್ಮಿನ ಲೆಕ್ಕದಲ್ಲಿ ಸೇರಿರುತ್ತದೆ. ದಪ್ಪವಾದರೆ ಬೇರಿಂಗ್ ಸಡಿಲು, ತೆಳುವಾದರೆ ಅತಿ ಬಿಗಿ.

ಪಿನಿಯನ್ ಮುರಿದಿದೆ, ಕ್ರೌನ್ ಚೆನ್ನಾಗಿದೆ ಎಂದು ಒಂದನ್ನೇ ಕೊಳ್ಳುವುದು. ಅವೆರಡೂ ಜೋಡಿಯಾಗಿ ಹೊಂದಿಕೊಂಡವು. ಸವೆದ ಹಲ್ಲಿನ ಜೊತೆ ಹೊಸ ಹಲ್ಲು ಮೊದಲ ದಿನದಿಂದಲೇ ಕೂಗುತ್ತದೆ.

ಮುರಿದ ಹಲ್ಲಿಗೆ ವೆಲ್ಡಿಂಗ್ ಕಟ್ಟಿ ಗ್ರೈಂಡರಿನಲ್ಲಿ ತಿದ್ದುವುದು. ಗೇರಿನ ಮೇಲ್ಮೈಯನ್ನು ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ಅಕ್ಕಪಕ್ಕದ ಹಲ್ಲುಗಳೂ ಪೆಡಸಾಗಿ ಸಿಡಿಯುತ್ತವೆ. ಅಂಥ ಚೂರೊಂದು ಕ್ರೌನಿಗೆ ಸಿಕ್ಕರೆ ಬಾಕ್ಸೇ ಒಡೆಯಬಹುದು.

ಸೋರುವ ಬಾಕ್ಸಿಗೆ ಗ್ರೀಸು ತುಂಬುವುದು. ಸೋರುವುದು ನಿಂತಂತೆ ಕಾಣುತ್ತದೆ, ನಿಜ. ಆದರೆ ಗಟ್ಟಿ ಗ್ರೀಸಿನಲ್ಲಿ ಗೇರು ತನ್ನ ಅಗಲಕ್ಕೆ ಒಂದು ಕಾಲುವೆ ಕೊರೆದುಕೊಂಡು ಒಣಗಿಯೇ ತಿರುಗುತ್ತದೆ, ಮೇಲಿನ ಬೇರಿಂಗಿಗೆ ಏನೂ ಮುಟ್ಟುವುದಿಲ್ಲ. ಸುಟ್ಟ ಎಂಜಿನ್ ಆಯಿಲ್ ಸುರಿಯುವುದೂ ಇದರ ಅಣ್ಣನೇ. ಪುಸ್ತಕದಲ್ಲಿ ಇಪಿ 90 ಎಂದಿದ್ದರೆ 90, 140 ಎಂದಿದ್ದರೆ 140. ಲೆವೆಲ್ ಬೋಲ್ಟಿನ ತೂತಿನವರೆಗೆ ಮಾತ್ರ ಹಾಕಿ. ಹೆಚ್ಚಿಗೆ ಹಾಕಿದರೂ ಎಣ್ಣೆ ಕಡೆದು ನೊರೆಯಾಗಿ ಕಾಯುತ್ತದೆ.

ಎಚ್ಚರಿಕೆ

ತಿರುಗುವ ಪಿಟಿಒ ಶಾಫ್ಟು ಸೆಕೆಂಡಿಗೆ ಒಂಬತ್ತು ಸುತ್ತು ಬಟ್ಟೆ ಸುತ್ತಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಹೆಗಲ ಮೇಲಿನ ಟವೆಲ್, ಲುಂಗಿ, ಧೋತರ, ಸೆರಗು ಯಾವುದೂ ಹತ್ತಿರ ಸುಳಿಯಬಾರದು. ಶಾಫ್ಟಿನ ಪ್ಲಾಸ್ಟಿಕ್ ಕವರು ಒಡೆದಿದ್ದರೆ ಈ ರಿಪೇರಿಯ ಜೊತೆಗೇ ಹೊಸದು ಹಾಕಿಸಿ. ಹೈಡ್ರಾಲಿಕ್ ಎತ್ತಿ ಹಿಡಿದಿದೆಯೆಂದು ನಂಬಿ ಯಂತ್ರದ ಕೆಳಗೆ ಕೈ ಹಾಕಬೇಡಿ. ದಿಮ್ಮಿ ಕೊಟ್ಟಮೇಲೇ ಹಾಕಿ. ಹಲ್ಲು ಕೂಡಿಸುವಾಗ ಒಬ್ಬರು ತಿರುಗಿಸಿ ಇನ್ನೊಬ್ಬರು ಬೆರಳಿಟ್ಟು ನೋಡುವುದು ಬೇಡವೇ ಬೇಡ. ಇಳಿಸಿದ ಎಣ್ಣೆಯನ್ನು ಬದುವಿಗೋ ಹಳ್ಳಕ್ಕೋ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಹತ್ತಿ ಕಟಿಗಿ ಕತ್ತರಿಸುವ ಸ್ಲ್ಯಾಷರ್ ಇದ್ದವರಿಗೆ

ರೋಟರಿ ಸ್ಲ್ಯಾಷರಿನ ಬಾಕ್ಸು ಇನ್ನೂ ಸರಳ: ಒಂದು ಜೋಡಿ ಗೇರು, ಕೆಳಕ್ಕೆ ಇಳಿದ ಒಂದು ಶಾಫ್ಟು. ಆದರೆ ಇದು ವೇಗ ಇಳಿಸುವುದಿಲ್ಲ, ಏರಿಸುತ್ತದೆ. ಬ್ಲೇಡು ಪಿಟಿಒಗಿಂತ ಜೋರಾಗಿ ಸುತ್ತುವುದರಿಂದ ಒಂದು ಬ್ಲೇಡು ಸವೆದು ಹಗುರಾದರೂ ಬಾಕ್ಸು ನಡುಗುತ್ತದೆ. ಬದಲಿಸಿದರೆ ಎರಡನ್ನೂ ಬದಲಿಸಿ. ಎಣ್ಣೆಯೆಲ್ಲ ಕೆಳಗಿನ ಸೀಲಿನ ಮೇಲೆಯೇ ನಿಲ್ಲುವುದರಿಂದ ಅದು ಹರಿದರೆ ಬಾಕ್ಸು ಬೇಗ ಖಾಲಿಯಾಗುತ್ತದೆ. ದಿನಾ ನೋಡಬೇಕಾದ ಜಾಗ ಅದೇ. ಸ್ಲಿಪ್ ಕ್ಲಚ್ ಇದ್ದರೆ ವರ್ಷಕ್ಕೊಮ್ಮೆ ಅದರ ನಟ್ಟು ಸಡಿಲಿಸಿ ಜಾರಿಸಿ, ಮತ್ತೆ ಮೊದಲಿನ ಅಳತೆಗೆ ಬಿಗಿ ಮಾಡಿ. ಮಳೆಗಾಲದಲ್ಲಿ ಅದರ ತಟ್ಟೆಗಳು ತುಕ್ಕು ಹಿಡಿದು ಅಂಟಿದರೆ ಕ್ಲಚ್ ಇದ್ದೂ ಇಲ್ಲದಂತೆ.

ಓಡಿಸಿ ನೋಡುವುದು

ಎಲ್ಲ ಕೂಡಿಸಿ ಎಣ್ಣೆ ಹಾಕಿದ ಮೇಲೆ ಕೈಯಿಂದಲೇ ಹತ್ತಿಪ್ಪತ್ತು ಸುತ್ತು ತಿರುಗಿಸಿ, ಎಲ್ಲೂ ಹಿಡಿಯಬಾರದು. ಆಮೇಲೆ ಯಂತ್ರ ನೆಲ ಮುಟ್ಟದಂತೆ ತುಸುವೇ ಎತ್ತಿ, ಕಡಿಮೆ ವೇಗದಲ್ಲಿ ಹತ್ತು ನಿಮಿಷ ಓಡಿಸಿ. ನಿಲ್ಲಿಸಿ, ಬಾಕ್ಸಿನ ಮೇಲೆ ಬೇರಿಂಗ್ ಇರುವ ಜಾಗಗಳನ್ನು ಒಂದೊಂದಾಗಿ ಮುಟ್ಟಿ. ಒಂದು ಜಾಗ ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬಿಗಿ ಹೆಚ್ಚಾಗಿದೆ, ಒಂದು ತೆಳು ಶಿಮ್ ಸೇರಿಸಬೇಕು. ಮೊದಲ ದಿನ ಕಡಿಮೆ ಆಳಕ್ಕೆ, ಹದವಾದ ಹೊಲದಲ್ಲಿ ಹೊಡೆಯಿರಿ, ಸಂಜೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಹೊಸ ಗೇರು ಹಾಕಿದ್ದರೆ 50 ಗಂಟೆ ದುಡಿದ ಮೇಲೆ ಎಣ್ಣೆ ಇಳಿಸಿ ಬದಲಿಸಿ. ಹಲ್ಲುಗಳು ಒಂದಕ್ಕೊಂದು ಹೊಂದುವಾಗ ಉದುರಿದ ಪುಡಿಗೆ ಎಣ್ಣೆ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಅದಕ್ಕೆ ಗಾಬರಿ ಬೇಡ. ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಚಕ್ಕೆ ಅಂಟಿದ್ದರೆ ಮಾತ್ರ ಮುಂದಿನ ಹೊಲಕ್ಕೆ ಹೋಗುವ ಮೊದಲು ಹಿಂಬದಿ ಮುಚ್ಚಳ ತೆಗೆದು ನೋಡಿ.